ತೂತು ಬಿದ್ದ ದೋಣಿಯ ನಾಯಕ

ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವನಿಗೆ ಯಾರಾದರೂ ಅಡ್ಡ ಬಂದರೆ ಬ್ರೇಕು ತುಳಿಯುವುದು ಗೊತ್ತಿರುತ್ತದೆ. ಸಿಟ್ಟು ಬಂದರೆ ಏನು ತುಳಿಯಬೇಕೆಂಬುದು ಮಾತ್ರ ನಮ್ಮ ಡ್ರೈವರಿಗೆ ಗೊತ್ತಿರಲಿಲ್ಲ. ಡ್ಯೂಟಿ ಬಟ್ಟೆಯಲ್ಲೇ ಮಗಳ ಶಾಲೆಯ ಮೆಟ್ಟಿಲು ಹತ್ತಿದ.

ಹದಿನೈದರ ಮಗಳು ಬರೆಯಲು ಕೂತರೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾಳೆ. ಬಾಯಿಪರೀಕ್ಷೆಯಲ್ಲಿ ಮಾತ್ರ ನಾಲಿಗೆಗೆ ಬೀಗ ಬೀಳುತ್ತದೆ. ಒಮ್ಮೆ ನಪಾಸಾಗಿದ್ದಾಳೆ. ಸೋಮವಾರ ಇನ್ನೊಂದು ಸಲ, ಅದೂ ಹೋದರೆ ಒಂದು ವರ್ಷವೇ ಹೋಯಿತು. ಹೀಗಿರುವಾಗ ಅವಳು ದಿನಾ ಸಂಜೆ ಶಾಲೆಯ ಲೈಬ್ರರಿಯಲ್ಲಿ ದಾಳ ಉರುಳಿಸುತ್ತಾಳೆಂದು ಕಂಡಕ್ಟರು ಕಿವಿಗೆ ಹಾಕಿದ್ದ.

ಸುದ್ದಿ ಸುಳ್ಳಲ್ಲ. ಮೇಜಿನ ಮೇಲೆ ಕೈಯಿಂದ ಬರೆದ ನಕ್ಷೆ, ಬಣ್ಣಬಣ್ಣದ ದಾಳ, ಸುತ್ತ ನಾಲ್ಕು ಮಕ್ಕಳು, ಅವರಲ್ಲೊಬ್ಬಳು ಇವನದೇ ಮಗಳು.

“ಏಳು, ಮನೆಗೆ ನಡಿ.”

ಮಗಳು ತಲೆ ತಗ್ಗಿಸಿ ಬ್ಯಾಗಿಗೆ ಕೈ ಹಾಕಿದಳು. ಲೈಬ್ರರಿ ಮೇಡಂ ಎದ್ದು ಬಂದರು. “ಇದು ಜೂಜಲ್ಲ ಸಾರ್, ಎಲ್ರೂ ಸೇರಿ ಕಥೆ ಕಟ್ಟೋ ಆಟ. ಒಬ್ಬೊಬ್ಬರದೂ ಒಂದೊಂದು ಪಾತ್ರ. ಹತ್ತು ನಿಮಿಷ ಕೂತ್ಕೊಳ್ಳಿ, ಆಮೇಲೂ ಬೇಡ ಅನ್ಸಿದ್ರೆ ಕರ್ಕೊಂಡು ಹೋಗಿ. ಆದ್ರೆ ಇಲ್ಲಿ ಸುಮ್ನೆ ನೋಡೋ ಹಾಗಿಲ್ಲ, ಕೂತವರು ಆಡ್ಲೇಬೇಕು.”

ಹತ್ತು ಅಂದರೆ ಹತ್ತೇ ಎಂದು ಗಡಿಯಾರ ನೋಡಿಕೊಂಡೇ ಅವನು ಕೂತ.

“ನೀವು ದೋಣಿಯ ನಾಯಕರು,” ಎಂದರು ಮೇಡಂ. “ನಡುಸಮುದ್ರ. ದೋಣಿಯ ತಳ ತೂತಾಗಿದೆ. ಮುಂದಿನ ಊರು ಮೂರು ಗಂಟೆ ದೂರ. ಬಿಟ್ಟು ಬಂದ ದ್ವೀಪ ಒಂದು ಗಂಟೆ ಹಿಂದೆ.”

“ತಿರುಗಿಸೋ ಮಾತೇ ಇಲ್ಲ. ಮುಂದಕ್ಕೆ ನಡೀರಿ.” ಟೈಮಿಂಗ್ ತಪ್ಪಿದರೆ ಮೆಮೊ ಕೊಡುವ ಡಿಪೊ ಅವನ ತಲೆಯೊಳಗೆ ಠಿಕಾಣಿ ಹೂಡಿತ್ತು. ಉಳಿದ ಮೂವರು ಬೇಡಿಕೊಂಡರು, ಇವನು ಜಗ್ಗಲಿಲ್ಲ.

“ದೋಣಿಯ ಬಡಗಿ ಏನಂತಾಳೆ?” ಮೇಡಂ ಮಗಳ ಕಡೆ ನೋಡಿದರು.

ಅವಳು ಬಾಯಿ ತೆರೆದಳು, ಮುಚ್ಚಿದಳು. ಪರೀಕ್ಷೆಯಲ್ಲೂ ಹೀಗೇ ನಿಂತಿರಬೇಕು ಎಂದುಕೊಂಡಾಗ ಅವನಿಗೆ ಕನಿಕರವೂ ಸಿಟ್ಟೂ ಒಟ್ಟಿಗೇ ಉಕ್ಕಿದವು.

“ನೀರು... ಗಂಟೆಗೆ ಎರಡು ಗೇಣು ಏರ್ತಿದೆ. ದೋಣಿ ಎತ್ತರ ಇರೋದೇ ಐದು ಗೇಣು. ಎರಡೂವರೆ ಗಂಟೆಗೆ ಮುಳುಗ್ತೀವಿ.”

“ನೀರು ಎತ್ತಿ ಹೊರಗೆ ಹಾಕಿ.”

“ಎತ್ತಿ ಹಾಕಿದ ಮೇಲೂ ಎರಡು ಗೇಣು.”

“ನನಗೇ ಹೇಳಿಕೊಡ್ತೀಯಾ? ಇಪ್ಪತ್ತೆರಡು ವರ್ಷದ ಸರ್ವಿಸು ನಂದು!” ಮೇಜು ಗುದ್ದಿದ. ದಾಳಗಳು ನೆಲಕ್ಕೆ ಬಿದ್ದವು.

ಮನೆಯಲ್ಲಾಗಿದ್ದರೆ ಮಾತು ಇಲ್ಲಿಗೇ ಮುಗಿದು ಅವಳು ಕೋಣೆ ಸೇರಿಬಿಡುತ್ತಿದ್ದಳು. ಇಲ್ಲಿ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

“ನಾಯಕರೇ, ನೀವು ಕಿರುಚಿದಾಗೆಲ್ಲ ನಮಗೆ ಗೊತ್ತಿರೋದೂ ಮರೆತುಹೋಗುತ್ತೆ. ನಾವು ಬಾಯಿ ಮುಚ್ಕೊಂಡ್ರೆ ನೀವು ಗೆದ್ದ ಹಾಗಲ್ಲ. ದೋಣಿ ಮುಳುಗುತ್ತೆ, ಅಷ್ಟೇ.”

ಮಾತು ನಾಯಕನಿಗೆ ಹೇಳಿದ್ದೋ ಅಪ್ಪನಿಗೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಅದು ಎದೆಗೆ ನಾಟಿತ್ತು, ನಾಚಿಕೆಯೂ ಆಗಿತ್ತು. ಎದ್ದು ಹೋಗಬಹುದಿತ್ತು, ಹತ್ತು ನಿಮಿಷ ಆಗಲೇ ಮುಗಿದಿತ್ತು.

“ತಿರುಗಿಸಿ,” ಎಂದ.

ಮೇಡಂ ಇಪ್ಪತ್ತು ಮುಖದ ದಾಳವೊಂದನ್ನು ಅವನ ಮುಂದಿಟ್ಟರು. “ಚುಕ್ಕಾಣಿ ಹಿಡಿದವರೇ ಹಾಕ್ಬೇಕು. ಇಷ್ಟು ಹೊತ್ತಿಗೆ ನೀರು ಏರಿದೆ, ದೋಣಿ ಉಳೀಬೇಕಾದ್ರೆ ಹನ್ನೆರಡಾದ್ರೂ ಬೀಳ್ಬೇಕು.”

ದಾಳದಾಟ ನಿಲ್ಲಿಸಲು ಬಂದವನೇ ದಾಳ ಕೈಗೆತ್ತಿಕೊಂಡ. ಹಾಕಿದ. ನಾಲ್ಕು ಬಿತ್ತು.

ದೋಣಿ ಮಗುಚಿಕೊಂಡಿತು. ಮಕ್ಕಳು ಅಯ್ಯೋ ಎಂದರು. “ನಾನೇ ತಡ ಮಾಡ್ಬಿಟ್ಟೆ,” ಎಂದ ಅವನು. ಮನೆಯಲ್ಲಾಗಲಿ ಡಿಪೊದಲ್ಲಾಗಲಿ ಅಂಥ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ.

ಮಗಳು ಎದ್ದು ನಿಂತಳು. “ಯಾರೂ ಹೆದರ್ಬೇಡಿ! ಹಲಗೆ ಹಿಡ್ಕೊಳ್ಳಿ, ಹಗ್ಗ ಬಿಡ್ಬೇಡಿ. ದ್ವೀಪ ಕಾಣಿಸ್ತಿದೆ, ಈಜಬಹುದು.” ದನಿ ಲೈಬ್ರರಿಯ ಕೊನೆಯ ಬೀರುವಿನವರೆಗೂ ಕೇಳಿಸಿತು. ಆಮೇಲೆ ಅವನ ಕಡೆ ತಿರುಗಿದಳು.

“ಅಪ್ಪಾ, ನಿನಗೆ ಈಜು ಬರಲ್ಲ. ನನ್ನ ಭುಜ ಹಿಡ್ಕೋ.”

ನಾಯಕನಿಗೆ ಈಜು ಬರುತ್ತಿತ್ತೋ ಏನೋ, ಅಪ್ಪನಿಗೆ ನಿಜಕ್ಕೂ ಬರುತ್ತಿರಲಿಲ್ಲ.

“ಹಿಡ್ಕೊಂಡೆ,” ಎಂದ. “ನೀನು ಹೇಳಿದ ಹಾಗೆ ಬರ್ತೀನಿ. ಹೇಳು ಮಗಳೇ.”