ಎಷ್ಟು ಮೆಟ್ಟಿಲು?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬೆಳಿಗ್ಗೆ ಹೋಗುವ ರೈಲಿನಲ್ಲಿ, ಹಿಂದಿನಿಂದ ಮೂರನೇ ಬೋಗಿಯಲ್ಲಿ, ಕಿಟಕಿ ಪಕ್ಕದ ಒಂದು ಜಾಗವನ್ನು ಎಲ್ಲರೂ ಸುವರ್ಣಮ್ಮನಿಗೇ ಬಿಟ್ಟುಕೊಡುತ್ತಿದ್ದರು. ಆಕೆಗೆ ಐವತ್ತಾರು ವರ್ಷ. ವಿನೋಬನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್. ದಿನಾ ಅದೇ ರೈಲಿನಲ್ಲಿ ಓಡಾಡುವ ಹತ್ತು ಹನ್ನೆರಡು ಜನರ ಗುಂಪಿನಲ್ಲಿ ಅವಳದು ಸಣ್ಣ ಕೆಲಸವೇ. ಆದರೆ ರಜೆ ಹತ್ತಿರ ಬಂತೆಂದರೆ ಅವಳಷ್ಟು ಬೇಕಾದವರು ಆ ಬೋಗಿಯಲ್ಲಿ ಇನ್ನೊಬ್ಬರಿರುತ್ತಿರಲಿಲ್ಲ.

"ರಾಮೇಶ್ವರಕ್ಕೆ ಹೋಗ್ತಾ ಇದೀವಿ, ಸುವರ್ಣಮ್ಮ" ಎಂದು ಯಾರಾದರೂ ಹೇಳಿದರೆ ಸಾಕು.

"ಇಪ್ಪತ್ತೆರಡು ಬಾವಿ ನೀರು ಮೈಮೇಲೆ ಹುಯ್ಕೊಂಡು ಒದ್ದೆ ಬಟ್ಟೇಲಿ ಗರ್ಭಗುಡಿ ಕಡೆ ಬಿಡಲ್ಲ. ಒಣಗಿದ ಬಟ್ಟೆ ಒಂದು ಚೀಲದಲ್ಲಿ ಕೈಯಲ್ಲೇ ಇರ್ಲಿ. ಕಲ್ಲುನೆಲ ಪೂರ್ತಿ ನೀರು, ಜಾರುತ್ತೆ. ಅತ್ತೇನ ಕೈ ಹಿಡ್ಕೊಂಡೇ ನಡೆಸಿ."

ಊಟಿಯ ಪುಟ್ಟ ರೈಲಿನಲ್ಲಿ ಮೇಲೆ ಹತ್ತುವಾಗ ಎಡಗಡೆ ಕೂರಬೇಕು, ಹಂಪಿಗೆ ಏಪ್ರಿಲ್‌ನಲ್ಲಿ ಹೋಗಬಾರದು, ಹೋಗಲೇಬೇಕಾದರೆ ಬೆಳಿಗ್ಗೆ ಹತ್ತರೊಳಗೆ ಸುತ್ತಾಟ ಮುಗಿಸಿ ನೆರಳು ಸೇರಬೇಕು. ಹೀಗೆ ಅವಳ ಬಾಯಲ್ಲಿ ದೇಶವೆಲ್ಲ ಇತ್ತು. ಹೋಗಿ ಬಂದವರು ಮೊಬೈಲಿನಲ್ಲಿ ಫೋಟೋ ತೋರಿಸುತ್ತ ಅವಳ ಪಕ್ಕ ಕೂರುತ್ತಿದ್ದರು. ಫೋಟೋ ನೋಡಿ ಮುಗಿದ ಮೇಲೆ ಅವಳ ಪ್ರಶ್ನೆಗಳು ಶುರುವಾಗುತ್ತಿದ್ದವು. ಎಷ್ಟು ಮೆಟ್ಟಿಲು? ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ? ಆಟೊ ಎಲ್ಲಿಯವರೆಗೆ ಬಿಡ್ತಾರೆ? ನಡುವೆ ಕೂರಲು ಕಟ್ಟೆ ಉಂಟಾ? ಪಾಯಿಖಾನೆ ಯಾವ ಥರದ್ದು? ನೋಡಿದ್ದನ್ನು ಹೇಳಲು ಬಂದವರಿಂದ ಅವಳು ಅವರು ಹತ್ತಿಳಿದು ನಡೆದದ್ದನ್ನು ಕೇಳಿ ತಿಳಿಯುತ್ತಿದ್ದಳು. ಒಮ್ಮೆ ಕೇಳಿದ್ದು ಅವಳ ತಲೆಯಿಂದ ಅಳಿಸಿಹೋಗುತ್ತಿರಲಿಲ್ಲ.

ಆ ವರ್ಷ ನವೆಂಬರ್ ಕೊನೆಯಲ್ಲಿ ಸುಶ್ಮಿತಾ ತನ್ನ ಯೋಜನೆ ಹೇಳಿದಳು. ಅವಳು ರವೀಂದ್ರನಗರದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅಪ್ಪ ಜಯಪ್ಪನಿಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು ಬೇರೆ. ಅಪ್ಪ ಅಮ್ಮನಿಗೆ ಕಾಶಿ ತೋರಿಸಬೇಕೆಂದು ಎರಡು ವರ್ಷದಿಂದ ರಜೆ ಉಳಿಸಿಕೊಂಡಿದ್ದಳು.

"ಡಿಸೆಂಬರಲ್ಲಿ ಹೋಗ್ತೀನಿ ಆಂಟಿ. ಲಾಡ್ಜ್ ಬುಕ್ ಮಾಡಿದೀನಿ. ಇನ್ನೇನು ನೋಡ್ಕೋಬೇಕು ಹೇಳಿ."

"ಡಿಸೆಂಬರಲ್ಲಾ? ಆ ಕಡೆ ಮಂಜು ಬೀಳುತ್ತೆ ಮಾರಾಯ್ತಿ. ರೈಲು ಎಷ್ಟೊತ್ತಿಗೆ ಬೇಕಾದ್ರೂ ತಲುಪಬಹುದು. ಔಷಧಿ, ತಿಂಡಿ ಎಲ್ಲ ಒಂದು ದಿನಕ್ಕೆ ಹೆಚ್ಚೇ ಇಟ್ಕೋ. ಅಲ್ಲಿ ಆಟೊ ಗೊದೌಲಿಯಾ ಅನ್ನೋ ಸರ್ಕಲ್ ತನಕ ಹೋಗುತ್ತೆ, ಆಮೇಲೆ ನಡಿಗೆ. ಅಪ್ಪನಿಗೆ ಘಾಟಿನ ಮೆಟ್ಟಿಲು ಇಳಿಸ್ಬೇಡ. ದೋಣಿಗೆ ಹತ್ತಿಸೋದಾದ್ರೆ ಮೆಟ್ಟಿಲು ಕಮ್ಮಿ ಇರೋ ಘಾಟು ಯಾವುದು ಅಂತ ಹೇಳ್ತೀನಿ, ಬರ್ಕೋ."

ಎದುರು ಸೀಟಿನಲ್ಲಿ ರೇಣುಕಾಪ್ರಸಾದ್ ಕೂತಿದ್ದ. ವಿಮಾ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್. ಟೂರ್ ಬಸ್ಸಿನಲ್ಲಿ ಉತ್ತರ ಭಾರತ ಎರಡು ಸಲ ಸುತ್ತಿ ಬಂದವನು. ತಾನಿರುವಾಗ ಕಾಶಿಯ ವಿಷಯವನ್ನು ಸುವರ್ಣಮ್ಮನ ಹತ್ತಿರ ಕೇಳಿದ್ದು ಅವನಿಗೆ ಸರಿಬರಲಿಲ್ಲ.

"ಅಲ್ಲ ಸುವರ್ಣಮ್ಮ, ನೀವು ಕಾಶಿಗೆ ಹೋಗಿದ್ದು ಯಾವ ವರ್ಷ?" ಎಂದು ಕೇಳಿದ.

"ನಾನು ಹೋಗಿಲ್ಲ ಸರ್."

"ರಾಮೇಶ್ವರ?"

"ಇಲ್ಲ."

"ಊಟಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳು ಹೋಗಿದ್ದೇನೆಂದು ಯಾವತ್ತೂ ಹೇಳಿರಲಿಲ್ಲ. ಆದರೆ ಇಷ್ಟು ವರ್ಷ ಯಾರೂ ಕೇಳಿಯೂ ಇರಲಿಲ್ಲ.

"ಹಂಗಾದ್ರೆ ಎಲ್ಲಿಗೆ ಹೋಗಿದೀರಿ?"

"ಮದುವೆಯಾದ ವರ್ಷ ಧರ್ಮಸ್ಥಳ" ಎಂದಳು. "ಆಮೇಲೆ ದಿನಾ ಶಿವಮೊಗ್ಗ."

ರೇಣುಕಾಪ್ರಸಾದ್ ನಕ್ಕ. ಇನ್ನಿಬ್ಬರೂ ನಕ್ಕರು. "ಈಜು ಬಾರದವರ ಹತ್ರ ಈಜು ಕಲಿತಾ ಇದೀವಲ್ಲಪ್ಪ ನಾವು" ಎಂದ ಅವನು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಆದರೆ ಸುವರ್ಣಮ್ಮ ಸ್ಟೇಷನ್ ಬರುವವರೆಗೂ ಕಿಟಕಿಯಿಂದ ಮುಖ ಈಚೆ ತಿರುಗಿಸಲಿಲ್ಲ.

ಅವಳ ಮನೆ ಭದ್ರಾವತಿಯ ನ್ಯೂ ಟೌನ್‌ನಲ್ಲಿ, ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್‌ಗಳ ಸಾಲಿನಲ್ಲಿ. ಗಂಡ ಧರ್ಮಪ್ಪ ಇಪ್ಪತ್ತಾರು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಹನ್ನೆರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಮಾತು ಒಂದೊಂದೇ ಪದವಾಗಿ, ತಡವಾಗಿ ಬರುತ್ತಿತ್ತು. ಹಗಲು ಪಕ್ಕದ ಮನೆಯ ಹಾಲಮ್ಮ ಆಗಾಗ ಬಂದು ನೋಡಿಕೊಳ್ಳುತ್ತಿದ್ದಳು. ಆರು ಗಂಟೆಗೆ ಸುವರ್ಣಮ್ಮ ಮನೆಯಲ್ಲಿರಲೇಬೇಕು. ಹನ್ನೆರಡು ವರ್ಷದಲ್ಲಿ ಒಂದು ರಾತ್ರಿಯೂ ಅವಳು ಹೊರಗೆ ಮಲಗಿರಲಿಲ್ಲ.

ಸಂಜೆ ಕಾಫಿ ಕುಡಿಸುತ್ತ ಅವಳು ಅವತ್ತಿನ ಊರಿನ ಕತೆ ಹೇಳುವುದು ಆ ಮನೆಯ ವಾಡಿಕೆ. ಅವತ್ತು ಹೇಳಲಿಲ್ಲ.

"ಇವತ್ತು... ಯಾವೂರು?" ಎಂದು ಅವನೇ ಕೇಳಿದ.

"ಯಾವೂರೂ ಇಲ್ಲ. ಇನ್ಮೇಲೆ ಆ ಮಾತೇ ಬೇಡ ರೀ."

ಧರ್ಮಪ್ಪ ಬಿಡಲಿಲ್ಲ. ಕೆದಕಿ ಕೆದಕಿ ಹೊರತೆಗೆದ. ಎಲ್ಲ ಕೇಳಿಯಾದ ಮೇಲೆ ಎಡಗೈಯಿಂದ ಲೋಟ ಪಕ್ಕಕ್ಕೆ ಸರಿಸಿ, ಪದ ಪದ ಹುಡುಕಿ ಹೇಳಿದ.

"ನಾನು ಉಕ್ಕು ಮಾಡ್ದೆ. ಅದು... ಎಲ್ಲೆಲ್ಲಿಗೋ ಹೋಯ್ತು. ನಾನು... ಹೋಗಿದ್ನಾ?"

ಅವಳು ಲೋಟ ಎತ್ತಿಕೊಂಡಳು.

"ಹೋಗಿಲ್ಲ. ಆದ್ರೂ... ಅದು ನನ್ ಕೆಲ್ಸ."

ಅವನಿಗೆ ಅಷ್ಟು ಹೇಳಲು ಎರಡು ನಿಮಿಷ ಹಿಡಿಯಿತು. ಸುವರ್ಣಮ್ಮ ಸೆರಗಿನಿಂದ ಅವನ ಬಾಯಿ ಒರೆಸಿ ಒಳಗೆ ಎದ್ದುಹೋದಳು. ಮಾರನೆಯ ದಿನದಿಂದ ಅದೇ ಬೋಗಿ ಹತ್ತಿದರೂ ಬಾಗಿಲ ಹತ್ತಿರ ನಿಂತೇ ಹೋಗತೊಡಗಿದಳು. ಸುಶ್ಮಿತಾ ಮಾತ್ರ ಅವಳ ಹತ್ತಿರವೇ ಬಂದು ನಿಂತು, ಉಳಿದದ್ದನ್ನೆಲ್ಲ ಕೇಳಿ ಬರೆದುಕೊಂಡಳು. ಡಿಸೆಂಬರ್ ಎರಡನೇ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಳು.

ಹೊರಟ ನಾಲ್ಕನೇ ದಿನ ಬೆಳಿಗ್ಗೆ ರೈಲು ಭದ್ರಾವತಿ ಬಿಟ್ಟು ಐದು ನಿಮಿಷವಾಗಿತ್ತು. ರೇಣುಕಾಪ್ರಸಾದನ ಫೋನ್ ರಿಂಗಾಯಿತು. ಸುಶ್ಮಿತಾ. ಕಾಶಿಗೆ ಹೋಗಿಬಂದವರು ಎಂದು ಅವನಿಗೆ ಮಾಡಿದ್ದಳು. ಅವಳ ದನಿ ಬಾಗಿಲ ತನಕ ಕೇಳುವಷ್ಟು ಜೋರಾಗಿತ್ತು. ಅವರ ರೈಲು ಹಿಂದಿನ ದಿನ ಸಂಜೆಯೇ ಕಾಶಿ ಸೇರಬೇಕಿತ್ತು. ಮಂಜಿನಿಂದಾಗಿ ತೆವಳುತ್ತ ಬಂದು, ಈಗ ಪ್ರಯಾಗ್‌ರಾಜ್‌ನಲ್ಲಿ ನಿಂತಿತ್ತು. ಯಾವಾಗ ಹೊರಡುತ್ತದೋ ಯಾರಿಗೂ ಗೊತ್ತಿಲ್ಲ. ಹೇಳಿದ ಹೊತ್ತಿಗೆ ಬರಲಿಲ್ಲವೆಂದು ಲಾಡ್ಜಿನವರು ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದರು. ಪ್ಲಾಟ್‌ಫಾರ್ಮಿಗೆ ಬಂದ ಒಬ್ಬ ಕಾರಿನವನು ಮೂರು ತಾಸಿನಲ್ಲಿ ಕಾಶಿಗೆ ಬಿಡುತ್ತೇನೆಂದು ಸಾಮಾನಿಗೆ ಕೈಹಾಕಿದ್ದ. ಬೇಸತ್ತ ಜಯಪ್ಪ ಇಳಿಯಲು ತಯಾರಾಗಿದ್ದ.

"ಏನ್ ಮಾಡ್ಲಿ ಸರ್? ಇಳೀಲಾ?"

ರೇಣುಕಾಪ್ರಸಾದ್ ಬಾಯಿ ತೆರೆದ. ಪ್ರಯಾಗದಲ್ಲಿ ಅವನು ಬಸ್ಸಿನಿಂದ ಇಳಿದಿದ್ದ, ಸ್ನಾನ ಮಾಡಿದ್ದ, ಬಸ್ಸು ಹತ್ತಿದ್ದ. ಊಟ, ಕೋಣೆ, ದಾರಿ ಎಲ್ಲ ಟೂರಿನವರೇ ನೋಡಿಕೊಂಡಿದ್ದರು. ಎದ್ದು ಬಾಗಿಲ ಹತ್ತಿರ ಹೋಗಿ ಫೋನ್ ಚಾಚಿದ.

"ನೀವೇ ಮಾತಾಡಿ ಸುವರ್ಣಮ್ಮ. ನಂಗೆ ಗೊತ್ತಾಗ್ತಾ ಇಲ್ಲ."

ಅವಳು ಒಂದು ಕ್ಷಣ ಅವನ ಮುಖ ನೋಡಿ ಫೋನ್ ತೆಗೆದುಕೊಂಡಳು.

"ಸುಶ್ಮಿತಾ, ನಾನು. ಇಳೀಬೇಡ. ಎದುರಿನ ಗಾಡಿ ಕಾಣದಷ್ಟು ಮಂಜಿದೆ ಅಂತ ನೀನೇ ಹೇಳ್ತಾ ಇದೀಯ, ಅದರಲ್ಲಿ ಕಾರಿಗೆ ಹತ್ತಿಸ್ತೀಯಾ ಅವರನ್ನ? ರೈಲು ನಿಧಾನ ಹೋದ್ರೂ ಹಳಿ ಮೇಲೆ ಹೋಗುತ್ತೆ. ಕಾರಿನವನಿಗೆ ಬೇಡ ಅನ್ನು. ಅಪ್ಪನಿಗೆ ಇನ್ಸುಲಿನ್ ಕೊಟ್ಯಾ?"

"ಇನ್ನೂ ಇಲ್ಲ ಆಂಟಿ. ತಿಂಡಿ ಏನು ಕೊಡ್ಲಿ ಅಂತಲೇ..."

"ಚೀಲದಲ್ಲಿ ರೊಟ್ಟಿ ಇರ್ಬೇಕಲ್ಲ, ಒಣ ರೊಟ್ಟಿ? ಹೊರಡೋವಾಗ ಇಡಿಸಿದ್ನಲ್ಲ. ಪ್ಲಾಟ್‌ಫಾರ್ಮಲ್ಲಿ ಬಿಸಿ ಹಾಲು ಸಿಗುತ್ತೆ, ಸಕ್ಕರೆ ಹಾಕ್ಬೇಡಿ ಅಂತ ಮೊದಲೇ ಹೇಳು. ಇನ್ಸುಲಿನ್ ವಿಷಯ ನಿನಗೆ ನಾನು ಹೇಳ್ಬೇಕಾ, ನರ್ಸು ನೀನು. ಕೋಣೆ ಚಿಂತೆ ನಂಗೆ ಬಿಡು. ಹತ್ತು ನಿಮಿಷ ಬಿಟ್ಟು ಮಾಡ್ತೀನಿ."

ಮೂರು ವರ್ಷದ ಹಿಂದೆ ಹೊಳೆಹೊನ್ನೂರಿನ ಮೇಷ್ಟ್ರೊಬ್ಬರು ಕಾಶಿಗೆ ಹೋಗಿ ಬಂದಾಗ, ಗೊದೌಲಿಯಾ ಹತ್ತಿರದ ಒಂದು ಸಣ್ಣ ಛತ್ರದಲ್ಲಿ ಹರಿಹರದ ಕಡೆಯ ಅಡುಗೆಯವನಿದ್ದಾನೆ ಎಂದು ಹೇಳಿದ್ದರು. ಸುವರ್ಣಮ್ಮ ಅವರಿಂದ ಅವನ ನಂಬರನ್ನೂ ಕೇಳಿ ಇಟ್ಟುಕೊಂಡಿದ್ದಳು. ಈಗ ತನ್ನ ಫೋನಿನಿಂದ ಅವನಿಗೆ ಮಾಡಿದಳು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಆ ಕಡೆಯಿಂದ ಕನ್ನಡ ಕೇಳಿಸಿತು.

"ಅಣ್ಣಾ, ನಾನು ಭದ್ರಾವತಿಯಿಂದ. ನೀವು ನನ್ನ ನೋಡಿಲ್ಲ, ನಾನೂ ನಿಮ್ಮನ್ನ ನೋಡಿಲ್ಲ. ನಮ್ಮೂರ ಮೂರು ಜನ ಮಧ್ಯಾಹ್ನ ಅಲ್ಲಿಗೆ ಬರ್ತಾರೆ. ಯಜಮಾನ್ರಿಗೆ ಮೊಣಕಾಲು ನೋವು. ಕೆಳಗಿನ ಕೋಣೆ ಬೇಕು."

ಶಿವಮೊಗ್ಗ ಟೌನ್ ಸ್ಟೇಷನ್ ಬರುವಷ್ಟರಲ್ಲಿ ಕೋಣೆ ಆಗಿತ್ತು. ಸುಶ್ಮಿತಾಳಿಗೆ ಮತ್ತೆ ಫೋನ್ ಮಾಡಿ ಛತ್ರದ ಗುರುತು, ಆಟೊದವನಿಗೆ ಹೇಳಬೇಕಾದ ಮಾತು ಎಲ್ಲ ಬರೆಸಿದಳು. ಕಾಲೇಜಿಗೆ ಅವತ್ತು ಕಾಲು ಗಂಟೆ ತಡವಾಯಿತು. ಮಧ್ಯಾಹ್ನ ಮೂರೂವರೆಗೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದಾಗ ಮೆಸೇಜ್ ಬಂತು. ತಲುಪಿದ್ದರು. ಅಡುಗೆಯವನು ಅನ್ನ, ಬೇಳೆಸಾರು ಮಾಡಿಟ್ಟು ಕಾದಿದ್ದ. ಜಯಪ್ಪ ಉಂಡು ಮಲಗಿದ್ದ. ಸುವರ್ಣಮ್ಮ ಎರಡು ಕಪಾಟುಗಳ ನಡುವೆ ನಿಂತು ಅದನ್ನು ಮೂರು ಸಲ ಓದಿದಳು. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ "ಇವತ್ತು ಕಾಶಿ ರೀ" ಎಂದಳು.

ಕಾಶಿಯಿಂದ ಬಂದ ಮೊದಲ ದಿನ ಸುಶ್ಮಿತಾ ರೈಲಿನಲ್ಲಿ ಎಲ್ಲರಿಗೂ ಪ್ರಸಾದ ಕೊಟ್ಟಳು. ರೇಣುಕಾಪ್ರಸಾದ್ ಎದ್ದು ಕಿಟಕಿ ಪಕ್ಕದ ಜಾಗ ತೋರಿಸಿ, "ಬನ್ನಿ, ಕೂತ್ಕೊಳ್ಳಿ. ಅವತ್ತು ನಾನು ಹಂಗೆ ನಗಬಾರದಿತ್ತು" ಎಂದ. ಅವಳು ಕೂತಳು.

"ಒಂದು ಕೇಳ್ತೀನಿ ಆಂಟಿ" ಎಂದಳು ಸುಶ್ಮಿತಾ. "ನಿಮಗೆ ಹೋಗೋಕೆ ಆಗಲ್ಲ. ಆದ್ರೂ ಮೆಟ್ಟಿಲು, ಕಂಬಿ, ಪಾಯಿಖಾನೆ ಎಲ್ಲ ಇಷ್ಟು ಯಾಕೆ ಕೇಳ್ತೀರಿ?"

ಸುವರ್ಣಮ್ಮ ಕೈಯಲ್ಲಿದ್ದ ಪ್ರಸಾದದ ಪೊಟ್ಟಣ ಮಡಿಸಿದಳು, ಬಿಚ್ಚಿದಳು.

"ನಮ್ಮ ಯಜಮಾನ್ರನ್ನ ಕರ್ಕೊಂಡು ಹೋಗೋ ಊರು ಒಂದಾದ್ರೂ ಸಿಗುತ್ತೇನೋ ಅಂತ" ಎಂದಳು.

ಅವಳ ಗಂಡನಿಗೆ ಹುಷಾರಿಲ್ಲ ಎಂಬುದಷ್ಟೇ ಬೋಗಿಯವರಿಗೆ ಗೊತ್ತಿತ್ತು.

"ಸಿಕ್ಕಿದ್ಯಾ?" ಎಂದು ರೇಣುಕಾಪ್ರಸಾದ್ ಕೇಳಿದ.

"ಒಂದಿದೆ. ಮೈಸೂರಲ್ಲಿ ರೈಲ್ವೆ ಮ್ಯೂಸಿಯಂ. ಸ್ಟೇಷನ್‌ಗೆ ಹತ್ತಿರ. ನೆಲ ಸಮ. ಇಲ್ಲಿಂದ ನೇರ ರೈಲು ಬೇರೆ."

"ಮತ್ತೆ ಯಾಕೆ ಹೋಗಿಲ್ಲ?"

"ಹತ್ತಿಸೋರು, ಇಳಿಸೋರು ಬೇಕಲ್ಲ ಸರ್."

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಭದ್ರಾವತಿ ಸ್ಟೇಷನ್ನಿನಲ್ಲಿ ಧರ್ಮಪ್ಪನನ್ನು ಗಾಲಿಕುರ್ಚಿಯಿಂದ ಎತ್ತಿ ಬೋಗಿಗೆ ಹತ್ತಿಸಿದವರು ರೇಣುಕಾಪ್ರಸಾದ್ ಮತ್ತು ಜಯಪ್ಪನ ತಮ್ಮನ ಮಗ ಸುದೀಪ್. ಸೊಂಟಕ್ಕೆ ಎಲ್ಲಿ ಕೈಕೊಡಬೇಕು, ಬಲಗೈಯನ್ನು ಹೇಗೆ ಮಡಿಸಿಡಬೇಕು ಎಂದು ಸುಶ್ಮಿತಾ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು. ಅವಳೂ ಸುದೀಪನೂ ಮೈಸೂರಿಗೆ ಜೊತೆಗೇ ಹೊರಟರು. ಧರ್ಮಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದ. ಕಿಟಕಿಯಿಂದ ಕಣ್ಣು ಕೀಳಲಿಲ್ಲ. ತರೀಕೆರೆ ಬಂದಾಗ "ತರೀಕೆರೆ" ಎಂದ, ಬೀರೂರು ಬಂದಾಗ "ಬೀರೂರು" ಎಂದ.

ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಲಾಡ್ಜಿನ ಕೆಳಗಿನ ಕೋಣೆಗೆ ಮೆಟ್ಟಿಲಿಲ್ಲ ಎಂದು ಫೋನಿನಲ್ಲಿ ಹೇಳಿದ್ದರು. ಹೊಸಿಲು ಮಾತ್ರ ಗೇಣುದ್ದ ಎತ್ತರವಿತ್ತು. ಸುದೀಪ್ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿ ದಾಟಿಸಿದ. ಸುವರ್ಣಮ್ಮನಿಗೆ ಹೊಸ ಜಾಗದಲ್ಲಿ ನಿದ್ದೆಯೇ ಬರಲಿಲ್ಲ. ಧರ್ಮಪ್ಪ ಮಾತ್ರ ಗೊರಕೆ ಹೊಡೆದ.

ಬೆಳಿಗ್ಗೆ ಮ್ಯೂಸಿಯಂನಲ್ಲಿ ಗಾಲಿಗಳು ಸಲೀಸಾಗಿ ಉರುಳಿದವು. ಒಂದು ಹಳೆಯ ಉಗಿಬಂಡಿಯ ಹತ್ತಿರ ಧರ್ಮಪ್ಪ ಎಡಗೈ ಎತ್ತಿದ, ನಿಲ್ಲಿಸು ಎಂಬಂತೆ. ಚಕ್ರ ಅವನ ತಲೆಗಿಂತ ಎತ್ತರಕ್ಕಿತ್ತು. ಅವನು ಅದರ ಮೇಲೆ ಅಂಗೈ ಇಟ್ಟು, ಅಂಚಿನ ಉದ್ದಕ್ಕೂ ಬೆರಳಾಡಿಸಿದ. ಅಲ್ಲಿ ಕಾವಲಿಗಿದ್ದ ವಯಸ್ಸಾದ ಸಿಬ್ಬಂದಿಯೊಬ್ಬ ಹತ್ತಿರ ಬಂದ. ಮುಟ್ಟಬೇಡಿ ಎನ್ನುತ್ತಾನೆಂದು ಸುವರ್ಣಮ್ಮ ಹೆದರಿದಳು. ಅವನು ಹಾಗೇನೂ ಹೇಳದೆ, "ಯಾವೂರು ಯಜಮಾನ್ರೇ?" ಎಂದು ಕೇಳಿದ.

ಉತ್ತರ ಕೊಡಲು ಸುವರ್ಣಮ್ಮ ಬಾಯಿ ತೆರೆದಳು. ಹನ್ನೆರಡು ವರ್ಷದಿಂದ ಗಂಡನಿಗೆ ಕೇಳಿದ ಪ್ರಶ್ನೆಗೆಲ್ಲ ಅವಳೇ ಉತ್ತರ ಕೊಟ್ಟು ಅಭ್ಯಾಸ. ಧರ್ಮಪ್ಪ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ.

"ಭದ್ರಾವತಿ" ಎಂದ ಅವನು. "ಕಾರ್ಖಾನೆ. ಇಪ್ಪತ್ತಾರು ವರ್ಷ."

ಸಿಬ್ಬಂದಿಯವನು ತಲೆದೂಗಿ, ಆತುರಪಡದೆ ಕಾದು ನಿಂತ.

"ಇವಳು... ನನ್ ಹೆಂಡ್ತಿ. ಸುವರ್ಣ. ಇವಳಿಗೆ... ಎಲ್ಲಾ ಊರು ಗೊತ್ತು. ಇವಳೇ... ನನ್ನ ಕರ್ಕೊಂಡು ಬಂದಿದ್ದು."

ಹೇಳಿ ಮುಗಿಸಿ ಅವನು ಆ ಮುದುಕನ ಮುಖವನ್ನೇ ನೋಡಿದ, ಕೇಳಿಸಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವನಂತೆ. ಕೇಳಿಸಿತ್ತು. ಮುದುಕ ಸುವರ್ಣಮ್ಮನಿಗೆ ಕೈಮುಗಿದ. ಏನು ಮಾಡಬೇಕೆಂದು ತೋಚದೆ ಅವಳೂ ಕೈಮುಗಿದಳು.

ಆಮೇಲೆ ನಾಲ್ವರೂ ಒಂದು ಮರದ ನೆರಳಲ್ಲಿ ಕೂತು ಐಸ್‌ಕ್ರೀಮ್ ತಿಂದರು. ಸುದೀಪ್ ಫೋಟೋ ತೆಗೆದ. ಫೋಟೋದಲ್ಲಿ ಧರ್ಮಪ್ಪ ನೆಟ್ಟಗೆ ಕೂತಿದ್ದಾನೆ. ಸುವರ್ಣಮ್ಮ ಕ್ಯಾಮೆರಾ ನೋಡುತ್ತಿಲ್ಲ, ಕತ್ತೆತ್ತಿ ಮ್ಯೂಸಿಯಂ ಕಾಂಪೌಂಡಿನ ಆಚೆ ಹೊರಡುತ್ತಿರುವ ಯಾವುದೋ ರೈಲನ್ನು ನೋಡುತ್ತಿದ್ದಾಳೆ. ಅದು ಎಲ್ಲಿಗೆ ಹೋಗುವುದೆಂದು ಅವಳು ಸುಶ್ಮಿತಾಳನ್ನು ಕೇಳಿದಳು.

"ರಾಮೇಶ್ವರದ ಕಡೆ ಇರಬಹುದೇನೋ ಆಂಟಿ, ಗೊತ್ತಿಲ್ಲ. ಯಾಕೆ?"

"ಸುಮ್ನೆ" ಎಂದಳು ಸುವರ್ಣಮ್ಮ. ಧರ್ಮಪ್ಪನ ಗಲ್ಲಕ್ಕೆ ಅಂಟಿದ ಐಸ್‌ಕ್ರೀಮನ್ನು ಒರೆಸುತ್ತ, ರೈಲಿನ ಕೊನೆಯ ಬೋಗಿ ಕಣ್ಮರೆಯಾಗುವವರೆಗೂ ನೋಡಿದಳು.