ವಿಲ್ಫ್‌ನ ಸರದಿ

ಗಣಿ ಮುಚ್ಚಿದ ಮೇಲೂ ಇಂಗ್ಲೆಂಡಿನ ಆ ಯಾರ್ಕ್‌ಶೈರ್ ಊರು ಮೀನು ತಿನ್ನುವ ಶುಕ್ರವಾರವನ್ನು ಮುಚ್ಚಿರಲಿಲ್ಲ. ಮಧ್ಯಾಹ್ನವಾದರೆ ಮೊರೀನಳ ಮೀನು-ಚಿಪ್ಸ್ ಅಂಗಡಿಯ ಸಾಲು ಬೀದಿಯ ತಿರುವಿನವರೆಗೆ ಬೆಳೆಯುತ್ತಿತ್ತು. ಶವಸಂಸ್ಕಾರದ ಕಸುಬಿನಲ್ಲಿ ಊರಿನ ಅರ್ಧ ಜನರನ್ನು ಸಾಗಿಸಿದ್ದ ಹಾರ್ಗ್ರೀವ್‌ಗೆ ಆ ಸಾಲಿನ ಪಕ್ಕದಲ್ಲಿ ಶವವಾಹನ ನಿಲ್ಲಿಸುವ ಪ್ರಸಂಗ ಬಂದದ್ದು ಇದೇ ಮೊದಲು.

ಪೆಟ್ಟಿಗೆಯಲ್ಲಿದ್ದವನು ವಿಲ್ಫ್. ಸಾಯುವ ಮುಂಚೆ ಹೆಂಡತಿ ಹಿಲ್ಡಾಳಿಂದ ಮಾತು ತೆಗೆದುಕೊಂಡಿದ್ದ: ಒಂದು ಹ್ಯಾಡಕ್ ಮೀನು, ಒಂದು ಪೊಟ್ಟಣ ಚಿಪ್ಸ್, ಬಿಸಿಬಿಸಿಯಾಗಿ ತನ್ನ ಜೊತೆಗೆ ಬರಬೇಕು. ಚಿತಾಗಾರದಲ್ಲಿ ಸಿಕ್ಕಿದ್ದು ಮಧ್ಯಾಹ್ನ ಒಂದು ಗಂಟೆಗೆ ಸರದಿ, ತಪ್ಪಿದರೆ ಸೋಮವಾರ.

ಹಿಲ್ಡಾ ಇಳಿದು ಹೋಗಿ ಸಾಲಿನ ಕೊನೆಗೆ ನಿಂತಳು.

ಅವಳ ಮುಂದಿದ್ದ ನಾರ್ಮನ್ ಟೋಪಿ ತೆಗೆದ. "ಹಿಲ್ಡಕ್ಕಾ, ಇದೇನಿದು? ಮುಂದೆ ಹೋಗಿ."

"ಆ ಮನುಷ್ಯ ಜನ್ಮದಲ್ಲಿ ಸಾಲು ಮುರಿದೋನಲ್ಲ. ಸತ್ತ ಮೇಲೆ ಆ ಕೆಟ್ಟ ಹೆಸರು ಯಾಕಪ್ಪಾ?"

"ಅಮ್ಮಾ, ಟೈಮು..." ಹಾರ್ಗ್ರೀವ್ ಪಿಸುಗುಟ್ಟಿದ.

"ನಿಮಗೇನ್ರೀ ಅವಸರ? ಅವನಿಗಂತೂ ಇಲ್ಲ."

ಬಾಗಿಲಿನಿಂದ ಮೊರೀನ್ ಕೂಗಿದಳು: "ಒಳಗೆ ಬಾರೇ ಹಿಲ್ಡಾ, ಮೀನು ಬೇಯ್ತಾ ಇದೆ!"

"ಸರದಿ ಬಂದಾಗ ಬರ್ತೀನಿ ಕಣೇ!"

ಹೆಣವನ್ನು ಕಾಯಲು ಬಿಟ್ಟು ತಾವು ತಿನ್ನಲು ಸಾಲಿನವರಿಗೆ ಮನಸ್ಸಿಲ್ಲ. ಇವಳು ಮುಂದೆ ಹೋಗಳು, ಅವರು ಕೊಳ್ಳರು. ಹಾರ್ಗ್ರೀವ್ ಗಡಿಯಾರ ನೋಡಿ ಬೆವರಿದ.

ಆಗ ಸಾಲಿನ ತಲೆಯಲ್ಲಿದ್ದ ಬೆರಿಲ್ ಹೊರಬಿದ್ದಳು. ಬಸ್‌ಸ್ಟಾಪಿನಲ್ಲಿ ಬಸುರಿಗೂ ಜಾಗ ಬಿಡದ ಹೆಂಗಸು. ದುಡುದುಡು ಬಂದವಳೇ ಹಿಲ್ಡಾಳ ಬೆನ್ನ ಹಿಂದೆ ನಿಂತಳು.

"ಇದೇನೇ?"

"ನನ್ನ ಸರದಿ, ಬಿಟ್ಟೆ. ನಿನಗೇನು?"

ಸಾಲಿನಲ್ಲಿ ಬೆರಿಲಳ ಹಿಂದಿದ್ದವನು ಬಂದ. ಅವನ ಹಿಂದಿನವಳು ಮಗುವನ್ನೆತ್ತಿಕೊಂಡು ಬಂದಳು. ಒಬ್ಬರಾದ ಮೇಲೊಬ್ಬರು, ಬಂದ ಕ್ರಮ ಒಂದಿಷ್ಟೂ ಕೆಡದಂತೆ, ಪೆಟ್ಟಿಗೆಯ ಪಕ್ಕದಲ್ಲೇ ಹಾದು ಹೋಗಿ ಹಿಂದೆ ನಿಂತರು. ಕೊನೆಗೆ ನಾರ್ಮನ್ನೂ ಸರಿದ. ಹಿಲ್ಡಾ ಒಂದು ಹೆಜ್ಜೆಯನ್ನೂ ಕದಲಿರಲಿಲ್ಲ. ಅಂಗಡಿಯ ಬಾಗಿಲಿನವರೆಗೆ ಬೀದಿ ಖಾಲಿಯಾಗಿತ್ತು.

ಹಾರ್ಗ್ರೀವ್‌ನ ಕೈ ಟೋಪಿಗೆ ಹೋಯಿತು. ಕಸುಬಿನ ಮೇಲೆ ದಿನಾ ತೆಗೆಯುವ ಟೋಪಿ. ಇವತ್ತು ಅದು ಕೆಳಗಿಳಿದದ್ದು ಅವನಿಗೇ ತಡವಾಗಿ ತಿಳಿಯಿತು. ರಾಜಮನೆತನದವರಿಗೂ ಇಂಥ ಮರ್ಯಾದೆ ಸಿಕ್ಕೀತೇ ಎಂದು ಅವನಿಗೆ ಅನುಮಾನ.

"ಉಪ್ಪು, ವಿನಿಗರ್?" ಒಳಗೆ ಬಂದ ಹಿಲ್ಡಾಳನ್ನು ಮೊರೀನ್ ಕೇಳಿದಳು.

"ಸುರಿಯೇ. ಡಾಕ್ಟರು ಬೇಡ ಅಂದಿದ್ದು ಬದುಕಿದ್ದಾಗ."

ಪೊಟ್ಟಣ ಪೆಟ್ಟಿಗೆಯ ಮೇಲೆ ಕುಳಿತಿತು, ಹೂವಿನ ನಡುವೆ, ಆವಿಯಾಡುತ್ತ. ಹಾರ್ಗ್ರೀವ್ ಮೆಲ್ಲಗೆ ವಾಹನ ಹೊರಡಿಸಿ ಕನ್ನಡಿಯಲ್ಲಿ ನೋಡಿದ. ಅಂಗಡಿಯ ಬಾಗಿಲು ತೆರೆದೇ ಇತ್ತು. ವಿಲ್ಫ್ ತಿರುವು ದಾಟುವವರೆಗೆ ಸಾಲಿನಲ್ಲಿ ಒಬ್ಬರೂ ಮುಂದಕ್ಕೆ ಕಾಲಿಡಲಿಲ್ಲ.