ಹೊಸ ಕಂಪ್ಯೂಟರಿಗೆ ಬಂದ ಅತ್ತೆಯ ದನಿ

ಕಾಪಿ ಎಷ್ಟಾಯಿತೆಂದು ತೋರಿಸುವ ಹಸಿರು ಗೆರೆ ನಿಂತುಬಿಟ್ಟಿತು ಅಂದುಕೊಂಡಳು ಪ್ರಮೀಳಾ, ಇಲ್ಲ, ಸರಿಯುತ್ತಿದೆ, ತುಂಬಿದ ಬಿಂದಿಗೆ ಹೊತ್ತವಳ ಹಾಗೆ ಒಂದಿಷ್ಟೂ ತುಳುಕದೆ — ಹೊಸ ಕಂಪ್ಯೂಟರಿನ ಪರದೆಗೆ ಅಂಟಿದ ತೆಳು ಪ್ಲಾಸ್ಟಿಕ್ಕನ್ನು ಇನ್ನೂ ಕಿತ್ತಿಲ್ಲ, ಕೀಳಲು ಮನಸ್ಸಿಲ್ಲ, ಶಿವಮೊಗ್ಗದಿಂದ ನ್ಯಾಮತಿವರೆಗೆ ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದದ್ದು, ಟಿವಿ ಏನಕ್ಕ ಅಂತ ಕಂಡಕ್ಟರ್ ಕೇಳಿದ್ದಕ್ಕೆ ಅಲ್ಲಪ್ಪ ಕಂಪ್ಯೂಟ್ರು ಅಂದಾಗ ತನ್ನ ದನಿಗೆ ಬಂದ ಜಂಬ, ನೆನೆದರೆ ಈಗಲೂ ನಗು — ಆದರೆ ಪಕ್ಕದಲ್ಲಿ ವೈರಿನ ತುದಿಗೆ ಮಲಗಿರುವ ಹಳೆಯ ಡಿಸ್ಕ್ ಹಲ್ಲಿಯಂತೆ ಲೊಚಗುಟ್ಟುತ್ತಿದೆ, ಅಂಗಡಿಯವನು ಅದನ್ನು ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ಕೈಗಿಡುವಾಗಲೇ ಹೇಳಿದ್ದ, ಇದು ಹೋಗೋ ಹಂಗೈತೆ ಮೇಡಂ, ಇನ್ನೊಂದ್ಸಲ ಓಡಿದ್ರೆ ನಿಮ್ ಪುಣ್ಯ, ಇರೋದೆಲ್ಲಾ ಬೇಗ ಹೊಸದಕ್ಕೆ ಹಾಕ್ಕಳ್ರಿ. ಇರುವುದೆಲ್ಲಾ ಅಂದರೆ ಏನೆಲ್ಲಾ, ಹೊನ್ನಾಳಿಯ ತವರುಮನೆಯಲ್ಲಿ ನಡೆದ ತಂಗಿಯ ಮದುವೆ, ಮಗಳು ಮೊದಲ ಸಲ ಸೀರೆಯುಟ್ಟು ಎಡವಿದ್ದು, ಗಂಡ ಗುರುಬಸವರಾಜ್ ಮೀಸೆ ಬೋಳಿಸಿಕೊಂಡು ಕನ್ನಡಿಯಲ್ಲಿ ತನ್ನನ್ನೇ ಗುರುತು ಹಿಡಿಯದವನಂತೆ ನಿಂತದ್ದು, ಬರಲಿ, ಬಾರದಿದ್ದರೂ ಚಿಂತೆಯಿಲ್ಲ, ಅವಳಿಗೆ ಬೇಕಾದದ್ದು ಒಂದೇ, ಅತ್ತೆಯ ಯುಗಾದಿಯ ವಿಡಿಯೊ.

ಅತ್ತೆ ದ್ಯಾಮಮ್ಮ ನಡುಮನೆಯಲ್ಲಿ ಕೂತು ಎಡಗೈಯಿಂದ ಅವರೆಕಾಯಿ ಸುಲಿಯುತ್ತಿದ್ದಾರೆ, ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿದೆ, ಹೋದ ಶ್ರಾವಣದಲ್ಲಿ ಲಕ್ವ ಹೊಡೆದಾಗಿನಿಂದ ಆ ಕೈಯೂ ಇಲ್ಲ, ಮಾತೂ ಇಲ್ಲ — ಎಂಥ ಮಾತು ಅದು, ಸಂತೇಬೆನ್ನೂರಿನ ಸಂತೆಯಲ್ಲಿ ಒಂದು ತುದಿಗೆ ನಿಂತು ಕರೆದರೆ ಇನ್ನೊಂದು ತುದಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರಂತೆ, ಮದುವೆಯಾಗಿ ಬಂದ ಹೊಸದರಲ್ಲಿ ಆ ದನಿಗೆ ಹೆದರಿ ಪ್ರಮೀಳಾ ಹಿತ್ತಲಿಗೆ ಹೋಗಿ ಅತ್ತದ್ದುಂಟು, ಅತ್ತವಳನ್ನು ಹುಡುಕಿಕೊಂಡು ಬಂದು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, ತಿನ್ನೇ, ತಿಂದು ಆಮ್ಯಾಲೆ ಅಳು, ಅಂದದ್ದೂ ಅದೇ ದನಿ. ಈಗ ಮನೆ ಎಷ್ಟು ಮೆತ್ತಗಾಗಿದೆ, ಕುಕ್ಕರಿನ ಸೀಟಿ, ಫ್ಯಾನಿನ ಸದ್ದು, ಅಷ್ಟೇ. ಆ ವಿಡಿಯೊ ತೆಗೆದ ಫೋನು ಹೊನ್ನಾಳಿಯಲ್ಲಿ ಹೊಳೆಸ್ನಾನದ ದಿನ ಗುರುಬಸವರಾಜನ ಜೇಬಿನಿಂದ ಜಾರಿ ತುಂಗಭದ್ರೆ ಸೇರಿತು, ಉಳಿದದ್ದು ಈ ಡಿಸ್ಕಿನಲ್ಲಿ ಮಾತ್ರ, ಬೆಳಿಗ್ಗೆ ಗೊಬ್ಬರದ ಅಂಗಡಿಗೆ ಹೊರಡುವಾಗ ಅವನು ಚಪ್ಪಲಿ ಮೆಟ್ಟುತ್ತಾ ಹೇಳಿದ್ದ, ಅವ್ವನ ಮುಂದೆ ಮಾತ್ರ ಹಾಕಬ್ಯಾಡ ಪ್ರಮೀ, ತನ್ ಮಾತು ತಾನೇ ಕೇಳಿದ್ರೆ ಭಾಳ ನೊಂದ್ಕಂತಾಳೆ, ಇಲ್ರೀ, ನಾನ್ಯಾಕೆ ಹಾಕ್ಲಿ, ಅಂದಿದ್ದಳು, ಹಾಕುವುದಿಲ್ಲ, ಆದರೆ ಬಂದಿದೆಯೋ ಇಲ್ಲವೋ ತೆರೆದು ನೋಡದೆ ಗೊತ್ತಾಗುವುದು ಹೇಗೆ, ಸ್ಪೀಕರ್ ಇನ್ನೂ ಡಬ್ಬಿಯಲ್ಲೇ ಇದೆ, ಸದ್ದು ಬರುವುದಿಲ್ಲ, ಬರೀ ಮುಖ ನೋಡಿ ಮುಚ್ಚಿಬಿಡುತ್ತೇನೆ, ಹೊಸದರಲ್ಲಿ ಯುಗಾದಿ ಅಂತ ಹೆಸರು ಕಾಣಿಸಿದ ಕಡೆ ಒತ್ತಿದಳು.

ಪರದೆಯೊಳಗೇ ಸ್ಪೀಕರ್ ಇರುತ್ತದೆಂದು ಅವಳಿಗೇನು ಗೊತ್ತು, ಏ ಪ್ರಮೀಳಿ, ನಿನ್ ಗಂಡ ವಿಡಿಯಾ ತೆಗಿತಾನಂತ ಸೆರಗು ಸರಿಮಾಡ್ಕಂತ ನಿಂತ್ರೆ ಹೂರಣ ಯಾರ್ ತಿರುವಬೇಕೇ, ತಳ ಹಿಡೀತೈತೆ ನೋಡು — ಇಡೀ ಮನೆ ತುಂಬಿತು ದನಿ, ಮುಚ್ಚಬೇಕು, ಎಲ್ಲಿ ಮುಚ್ಚುವುದು, ಮೌಸಿನ ಬಾಣವೇ ಕಾಣುತ್ತಿಲ್ಲ, ನಡುಮನೆಯಲ್ಲಿ ಅವರೆಕಾಯಿಯ ಮೊರ ಉರುಳಿದ ಸದ್ದು, ಆಮೇಲೆ ಕೋಲು, ಕಾಲೆಳೆಯುವ ಸದ್ದು, ಮತ್ತೆ ಕೋಲು, ಅಯ್ಯೋ ಶಿವನೇ, ಏನು ಮಾಡಿಬಿಟ್ಟೆ ನಾನು, ದ್ಯಾಮಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಕಣ್ಣು ಪರದೆಯ ಮೇಲೆ, ಅಲ್ಲಿ ಅವರದೇ ಮುಖ ಒಲೆಯ ಝಳಕ್ಕೆ ಕೆಂಪಾಗಿದೆ, ವಿಡಿಯೊ ಮುಗಿಯಿತು, ಡಿಸ್ಕಿನ ಲೊಚಗುಟ್ಟುವಿಕೆಯೂ ನಿಂತಿದೆ, ಯಾವಾಗ ನಿಂತಿತೋ, ಹಸಿರು ಗೆರೆ ತಂಗಿಯ ಮದುವೆಯನ್ನು ಅರ್ಧದಲ್ಲೇ ಬಿಟ್ಟಿದೆ, ಬಿಡಲಿ, ಅತ್ತೆ ಹತ್ತಿರ ಬಂದು ಕುರ್ಚಿಗೆ ಒರಗಿ ಅವಳ ಭುಜ ಮುಟ್ಟಿದರು, ಪರದೆಯತ್ತ ಗದ್ದ ಎತ್ತಿದರು, ಇನ್ನೊಮ್ಮೆ ಹಾಕ್ಲಾ ಅತ್ತೆ, ಬ್ಯಾಸರ ಮಾಡ್ಕಣಲ್ಲ ತಾನೆ, ಅತ್ತೆ ಮತ್ತೆ ಗದ್ದ ಎತ್ತಿದರು, ಹಾಕಿದಳು, ಏ ಪ್ರಮೀಳಿ, ಅಂದಿತು ದನಿ, ಪಕ್ಕದಲ್ಲಿ ಅತ್ತೆಯ ತುಟಿಯ ಒಂದು ಕೊನೆ ಅದರ ಹಿಂದೆಯೇ ಅಲುಗಿತು, ಸದ್ದಿಲ್ಲ, ಆದರೆ ಒಂದೊಂದು ಮಾತಿಗೂ ಅಲುಗುತ್ತಿದೆ, ಮಾತೆಲ್ಲ ಒಳಗೇ ಇದೆ, ಒಂದೂ ಹೋಗಿಲ್ಲ, ಪರದೆಯಲ್ಲಿ ಬಲಗೈ ತೋರುಬೆರಳು ಮೇಲೆದ್ದು ಗದರಿಸಿತು, ಭುಜದ ಮೇಲಿದ್ದ ಎಡಗೈಯೂ ಮೇಲೆದ್ದಿತು, ಅಲ್ಲಿ ಬೆರಳು, ಇಲ್ಲಿ ಬೆರಳು, ತಳ ಹಿಡೀತೈತೆ ನೋಡು, ಅವಳ ಮೂಗಿನ ಮುಂದೆಯೇ ಅಲ್ಲಾಡುತ್ತಿದೆ, ತಿರುವ್ತೀನಿ ಅತ್ತೆ, ತಿರುವ್ತಾ ಇದೀನಿ, ಅಂದಳು, ಕಣ್ಣು ಮಂಜಾಗಿ ಪರದೆ ಕಾಣದು, ಅತ್ತೆಯ ಮುಖವೂ ಕಾಣದು, ಬರೀ ಬೆರಳು, ಅವರೆಸೊಗಡು ಮೆತ್ತಿದ, ಉಗುರಿನ ಸಂದಿ ಹಸಿರಾದ, ಗದರಿಸುತ್ತಲೇ ಇರುವ ಒಂದು ಬೆರಳು —